ಹುದುಲಿನಿಂದ ಎದ್ದು ಬಂದವರು

ನೀರು ಬಸಿದು ಒಣಗುತ್ತಿರುವ ಒಂದು ಜೌಗು ನೆಲ. ಮಣ್ಣು ಮಗುಚುವ ಯಂತ್ರ ಆಗತಾನೆ ಅತ್ತ ಸರಿದಿದೆ. ಹೊತ್ತು ಹಗಲು, ಗುಡುಗಿಲ್ಲ, ಮಿಂಚಿಲ್ಲ, ಗೂಬೆಯ ಕೂಗೂ ಇಲ್ಲ. ಇದ್ದಕ್ಕಿದ್ದಂತೆ ಕೆಸರಿನ ಹೆಂಟೆಯೊಂದು ಅಲುಗುತ್ತದೆ. ಮೊದಲು ಒಂದು ಕೈ, ಬಳಿಕ ಭುಜ, ಆಮೇಲೆ ಮಣ್ಣು ಮೆತ್ತಿ ಕಣ್ಣು ಮುಚ್ಚಿಹೋದ ಒಂದು ಹೆಣ್ಣಿನ ಮುಖ. ಅವಳು ತನ್ನ ಮೈಯನ್ನು ತಾನೇ ಎಳೆದುಕೊಂಡು ಮೇಲೇಳುತ್ತಾಳೆ. ಕೀಲು ತಪ್ಪಿದ ಬೊಂಬೆಯ ಹಾಗೆ ಹೆಜ್ಜೆಯಿಡುತ್ತಾಳೆ. ಬಿಸಿಲು ಬರುವ ದಿಕ್ಕಿಗೆ ಕುರುಡಿಯಂತೆ ಮುಖವೆತ್ತುತ್ತಾಳೆ. ಕೊಳವೊಂದಕ್ಕಿಳಿದು ಮಣ್ಣು ತೊಳೆದುಕೊಂಡ ಮೇಲೆ ನೋಡಿದರೆ, ಮೂರು ಸಾವಿರ ವರ್ಷಗಳ ಹಿಂದಿನ ಈಜಿಪ್ಟಿನ ರಾಜಕುಮಾರಿ ಅನಂಕಾ ಇಪ್ಪತ್ತರ ಹರೆಯದ ತರುಣಿಯಾಗಿ ನಮ್ಮೆದುರು ನಿಂತಿದ್ದಾಳೆ!

1944ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು ತೆರೆಗೆ ತಂದ ‘ದಿ ಮಮ್ಮೀಸ್ ಕರ್ಸ್’ ಎಂಬ ಚಿತ್ರದ ದೃಶ್ಯವಿದು. ‘ಮಮ್ಮಿಯ ಶಾಪ’ ಎಂದು ಕನ್ನಡಿಸಬಹುದಿತ್ತು. ಆದರೆ ನಮ್ಮ ಪೇಟೆಯ ಮನೆಗಳಲ್ಲಿ ‘ಮಮ್ಮಿ’ಯೆಂದರೆ ಅಡಿಗೆಮನೆಯಲ್ಲಿರುವ ತಾಯಿಯೇ ಆಗಿರುವುದರಿಂದ ಆ ಸಾಹಸ ಬೇಡ. ಚಿತ್ರ ಒಂದು ಗಂಟೆಯದು. ಅಗ್ಗದ ಚಿತ್ರ. ಅನಂಕಾಳ ಪಾತ್ರ ವಹಿಸಿದ ವರ್ಜೀನಿಯಾ ಕ್ರಿಸ್ಟೀನ್ ಎಂಬ ನಟಿ ಮೈತುಂಬ ಮಣ್ಣು ಬಳಿದುಕೊಂಡು ನೆಲದೊಳಗೆ ಮಲಗಿ ಎದ್ದು ಬಂದ ಆ ಒಂದೆರಡು ನಿಮಿಷಗಳು ಮಾತ್ರ, ಚಿತ್ರದ ಉಳಿದ ಭಾಗವನ್ನೆಲ್ಲ ಮರೆತವರ ನೆನಪಿನಲ್ಲಿಯೂ ಉಳಿದಿವೆ. ಹಣವಿಲ್ಲದವನ ಕೈಯಲ್ಲಿಯೂ ಒಮ್ಮೊಮ್ಮೆ ಕಲೆ ಹೀಗೆ ಒಲಿದುಬಿಡುತ್ತದೆ.

ಅಗ್ಗದ ಚಿತ್ರವೆಂದೆನಷ್ಟೆ. ಎಷ್ಟು ಅಗ್ಗವೆಂಬುದಕ್ಕೆ ಒಂದು ನಿದರ್ಶನ ಸಾಕು. ಇದರ ಹಿಂದಿನ ಕಂತು ‘ದಿ ಮಮ್ಮೀಸ್ ಘೋಸ್ಟ್’ ಅದೇ ವರ್ಷ ಬಂದಿತ್ತು. ಅದರ ಕೊನೆಯಲ್ಲಿ ಖಾರಿಸ್ ಎಂಬ ಮಮ್ಮಿಯು ಅನಂಕಾಳನ್ನು ಎತ್ತಿಕೊಂಡು ಅಮೆರಿಕದ ಈಶಾನ್ಯ ಮೂಲೆಯ ಮ್ಯಾಸಚೂಸೆಟ್ಸಿನ ಜೌಗಿನಲ್ಲಿ ಮುಳುಗಿಹೋದ. ಮುಂದಿನ ಚಿತ್ರದಲ್ಲಿ ಇಬ್ಬರೂ ಏಳುವುದು ದಕ್ಷಿಣದ ಲೂಯಿಸಿಯಾನಾದ ಜೌಗಿನಿಂದ! ನಡುವಣ ಅಂತರ ಎರಡು ಸಾವಿರ ಕಿಲೋಮೀಟರಿಗೂ ಮಿಗಿಲು. ಹುಮನಾಬಾದಿನ ಬಾವಿಯಲ್ಲಿ ಮುಳುಗಿದ ಹೆಣ ಕಾಶ್ಮೀರದ ದಾಲ್ ಸರೋವರದಲ್ಲಿ ತೇಲಿದಂತಾಯಿತು. ಕೇಳಿದ ಪ್ರೇಕ್ಷಕರುಂಟೋ ಇಲ್ಲವೋ, ನಿರ್ಮಾಪಕರಂತೂ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಈ ಸರಣಿಯ ಮೊದಲ ಚಿತ್ರ 1940ರ ‘ದಿ ಮಮ್ಮೀಸ್ ಹ್ಯಾಂಡ್’. ಅದರಲ್ಲಿ ಪೂರ್ವಕಥೆಯ ದೃಶ್ಯಗಳಿಗೆ 1932ರ ‘ದಿ ಮಮ್ಮಿ’ ಚಿತ್ರದ ತುಣುಕುಗಳನ್ನೇ ಕತ್ತರಿಸಿ ಅಂಟಿಸಿದ್ದರು. ಹಳೆಯ ಸೀರೆಯ ಸೆರಗು ಕತ್ತರಿಸಿ ಹೊಸ ರವಿಕೆ ಹೊಲಿಯುವ ಗೃಹಿಣಿಯ ಜಾಣತನವಿದು.

ಆ 1932ರ ಚಿತ್ರ ಮಾತ್ರ ಹಾಗಲ್ಲ. ಹೋವರ್ಡ್ ಕಾರ್ಟರ್ 1922ರ ನವೆಂಬರಿನಲ್ಲಿ ತೂತಾಂಖಾಮನ್ ದೊರೆಯ ಗೋರಿಯನ್ನು ಕಂಡುಹಿಡಿದುದು, ಅದಕ್ಕೆ ಹಣ ಸುರಿದ ಲಾರ್ಡ್ ಕಾರ್ನಾರ್ವನ್ ಮರುವರ್ಷ ಏಪ್ರಿಲಿನಲ್ಲಿ ತೀರಿಕೊಂಡುದು, ‘ಗೋರಿಯ ಶಾಪ’ವೆಂದು ಪತ್ರಿಕೆಗಳು ಬೊಬ್ಬೆಯಿಟ್ಟುದು ಎಲ್ಲವೂ ಜನರ ಮನಸ್ಸಿನಲ್ಲಿ ಹಸಿಯಾಗಿದ್ದ ಕಾಲ. ಕಾರ್ಲ್ ಫ್ರಾಯಿಂಡ್ ಅದರ ನಿರ್ದೇಶಕ, ಬೋರಿಸ್ ಕಾರ್ಲಾಫ್ ನಾಯಕ. ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನ ಕಲಾವಿದ ಕಾರ್ಲಾಫನ ಮುಖಕ್ಕೆ ಹತ್ತಿ, ಅಂಟು, ಜೇಡಿಮಣ್ಣು ಹಚ್ಚಿ, ಮೈಗೆ ಪಟ್ಟಿ ಸುತ್ತಲು ಎಂಟು ಗಂಟೆ ಹಿಡಿಯಿತಂತೆ. ತೆರೆಯ ಮೇಲೆ ಆ ರೂಪ ಕಾಣುವುದು ಕೆಲವೇ ನಿಮಿಷ! ಮುಂದಿನವರು ಈ ಲೆಕ್ಕವನ್ನು ತಿರುಗುಮುರುಗು ಮಾಡಿದರು. ಒಮ್ಮೆ ಮುಖವಾಡ ಮಾಡಿಟ್ಟುಕೊಂಡರೆ ಚಿತ್ರವಿಡೀ ಓಡಾಡಿಸಬಹುದು. ಮಮ್ಮಿಗೆ ಮಾತಿಲ್ಲ, ಬರೆಯುವ ಶ್ರಮವಿಲ್ಲ. ಬಣ್ಣದ ಬಟ್ಟೆ ಬೇಡ. ಒಂದು ಕಾಲೆಳೆದುಕೊಂಡು ನಡೆದರೆ ನಟನೆ ಮುಗಿಯಿತು. ‘ತಾನಾ’ ಎಂಬ ಕಟ್ಟುಕಥೆಯ ಗಿಡದ ಮೂರು ಎಲೆಯ ಕಷಾಯ ಕುಡಿಸಿದರೆ ಅವನ ಗುಂಡಿಗೆ ಮಿಡಿಯುತ್ತದೆ. ಒಂಬತ್ತು ಎಲೆಯದಾದರೆ ಎದ್ದು ನಡೆಯುತ್ತಾನೆ. ನಮ್ಮ ಕಡೆಯ ಅಜ್ಜಿಯರ ಮನೆಮದ್ದಿಗೂ ಇಷ್ಟು ಖಚಿತವಾದ ಪ್ರಮಾಣವಿರಲಾರದು.

1959ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯವರು ಇದೇ ಖಾರಿಸನ ಕಥೆಯನ್ನು ಬಣ್ಣದಲ್ಲಿ ತೆಗೆದರು. ಕ್ರಿಸ್ಟೋಫರ್ ಲೀ ಮಮ್ಮಿಯಾದ. ಅವನಿದ್ದ ಪೆಟ್ಟಿಗೆ ಗಾಡಿಯಿಂದುರುಳಿ ಹುದುಲಿನಲ್ಲಿ ಬೀಳುತ್ತದೆ. ಮಂತ್ರ ಕೇಳಿದೊಡನೆ ಕರಿಯ ಕೆಸರನ್ನು ಸುರಿಸುತ್ತ ಆಜಾನುಬಾಹು ಮೇಲೇಳುತ್ತಾನೆ. ಕಡೆಗೆ ಗುಂಡಿನೇಟು ತಿಂದು ಅದೇ ಹುದುಲಿನಲ್ಲಿ ಮುಳುಗುತ್ತಾನೆ. ಈಜಿಪ್ಟಿನ ಮರಳುಗಾಡಿನ ಶವಕ್ಕೂ ಯೂರೋಪಿನ ಹುದುಲಿಗೂ ಸಿನಿಮಾದವರು ಹಾಕಿದ ಗಂಟು ಹೀಗೆ ಬಲವಾಯಿತು. 2009ರಲ್ಲಿ ಐರ್ಲೆಂಡಿನ ‘ಲೆಜೆಂಡ್ ಆಫ್ ದ ಬಾಗ್’ ಎಂಬ ಚಿತ್ರ ಈಜಿಪ್ಟನ್ನು ಬಿಟ್ಟು ನೇರವಾಗಿ ಹುದುಲಿಗೇ ಕೈಹಾಕಿತು. ಅಲ್ಲಿನದೇ ಪ್ರಾಚೀನ ಹೆಣ ಎದ್ದು ಬಂದು ಕೈಗೆ ಸಿಕ್ಕಿದವರನ್ನು ಕೊಲ್ಲುತ್ತದೆ.

ನಾನು ಪಾಠ ಹೇಳುವ ಕಾಲೇಜಿಗೆ ಹುಮನಾಬಾದಿನಿಂದಲೂ ಬಸವಕಲ್ಯಾಣದಿಂದಲೂ ಹುಡುಗರು ಬರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿ ಕೂಡಿಕೊಂಡು, ಇದ್ದ ಒಂದು ಮೊಬೈಲಿನಲ್ಲಿಯೇ ಹತ್ತು ನಿಮಿಷದ ಭಯಾನಕ ಚಿತ್ರವೊಂದನ್ನು ತೆಗೆಯಬೇಕೆಂದು ಹೊರಟಿದ್ದಾರೆ. ಕಲ್ಯಾಣದ ತ್ರಿಪುರಾಂತಕ ಕೆರೆಯ ಅಂಚಿನ ಕೆಸರಿನಿಂದ ಒಂದು ಹೆಣ ಏಳಬೇಕು, ಇದಿಷ್ಟೇ ಕಥೆ. ಮಾದರಿಗೆಂದು ಮೇಲೆ ಹೇಳಿದ ಇಂಗ್ಲಿಷ್ ಚಿತ್ರಗಳ ತುಣುಕುಗಳನ್ನು ಹುಡುಕಿ ತಂದು ನನಗೂ ತೋರಿಸಿದರು. ಎಲ್ಲರೂ ಮುಖಕ್ಕೆ ಬಳಿಯುವ ಮಣ್ಣಿನ ಬಣ್ಣದ ಬಗೆಗೆ ವಾದ ಹೂಡಿದ್ದಾಗ, ಅದುವರೆಗೆ ಸುಮ್ಮನಿದ್ದ ಒಬ್ಬ ಹುಡುಗಿ ಕೇಳಿದಳು: “ಸರ್, ಆ ಹೆಣಕ್ಕ ಕೊಂದವರು ಯಾರು, ಅದು ಹೇಳಲೇ ಇಲ್ಲಲ್ರೀ?”

ಈ ಜಾತಿಯ ಚಿತ್ರಗಳ ಬಗೆಗೆ ಬರೆದ ದೊಡ್ಡ ದೊಡ್ಡ ವಿಮರ್ಶಕರಿಗಿಂತ ಆ ಹುಡುಗಿ ಮರ್ಮವನ್ನು ಮುಟ್ಟಿದಳೆಂದು ನನ್ನ ಭಾವನೆ. ಏಕೆಂದರೆ ಹುದುಲಿನ ಹೆಣಗಳ ನಿಜವಾದ ಕಥೆ ಆರಂಭವಾಗುವುದೇ ಆ ಪ್ರಶ್ನೆಯಿಂದ.

ಉತ್ತರ ಯೂರೋಪಿನಲ್ಲಿ ‘ಪೀಟ್’ ಎಂಬ ಕಪ್ಪು ಮಣ್ಣಿನ ಹುದುಲುಗಳಿವೆ. ಸಾವಿರಾರು ವರ್ಷಗಳ ಪಾಚಿ ಪೂರ್ತಿ ಕೊಳೆಯದೆ ಪದರಪದರವಾಗಿ ಒತ್ತಿ ಆದ ಮಣ್ಣದು. ಕಡಿದು ಒಣಗಿಸಿದರೆ ನಮ್ಮ ಕುಳ್ಳಿನಂತೆ ಒಲೆಗೆ ಉರುವಲು. 1950ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಪಟ್ಟಣದ ಸಮೀಪ ಹೀಗೆ ಪೀಟ್ ಕಡಿಯುತ್ತಿದ್ದವರಿಗೆ ಒಂದು ಮುಖ ಕಾಣಿಸಿತು. ಗಲ್ಲದ ಮೇಲೆ ಕುರುಚಲು ಗಡ್ಡ, ಮುಚ್ಚಿದ ಕಣ್ಣು, ಹಣೆಯ ನಿರಿಗೆ. ಊಟವಾಗಿ ಅಡ್ಡಾದವನ ನಿದ್ದೆಯಂಥ ಶಾಂತ ಮುದ್ರೆ. ಯಾರೋ ಈಚೆಗೆ ಕೊಲೆಯಾದವನೆಂದು ಹೆದರಿ ಅವರು ಪೋಲೀಸರನ್ನು ಕರೆಸಿದರು. ಪೋಲೀಸರು ಪ್ರಾಕ್ತನಶಾಸ್ತ್ರಜ್ಞ ಗ್ಲೋಬ್ ಅವರನ್ನು ಕರೆಸಿದರು. ಆ ಮನುಷ್ಯ ಸತ್ತು 2,300 ವರ್ಷಗಳ ಮೇಲಾಗಿತ್ತು! ಕಾಲನಿರ್ಣಯದ ಈಚಿನ ಪರೀಕ್ಷೆಗಳ ಪ್ರಕಾರ ಅವನು ಸತ್ತುದು ಕ್ರಿ.ಪೂ. 405ರಿಂದ 380ರ ನಡುವೆ. ತಲೆಗೆ ತೊಗಲಿನ ಟೋಪಿ, ಸೊಂಟಕ್ಕೆ ಪಟ್ಟಿ. ಕೊರಳಲ್ಲಿ ಹೆಣೆದ ತೊಗಲಿನ ಹಗ್ಗದ ಉರುಲು. ಟೋಲುಂಡ್ ಮನುಷ್ಯನೆಂದು ಇಂದು ಲೋಕಪ್ರಸಿದ್ಧನಾದವನು ಇವನೇ. ಪೋಲೀಸರನ್ನು ಕರೆಸಿದುದು ತಪ್ಪಲ್ಲ. ಅವರು ಬಂದುದು ಇಪ್ಪತ್ತಮೂರು ಶತಮಾನ ತಡವಾಯಿತು, ಅಷ್ಟೆ.

ಇವನ ಹೊಟ್ಟೆಯಲ್ಲಿ ಕೊನೆಯ ಊಟವೂ ಉಳಿದಿತ್ತು. ಜವೆ, ಅಗಸೆ, ಕಾಡುಗಿಡಗಳ ಬೀಜ ಕೂಡಿಸಿ ಬೇಯಿಸಿದ ಗಂಜಿ. 1954ರಲ್ಲಿ ಬಿ.ಬಿ.ಸಿ. ದೂರದರ್ಶನದವರು ಅದೇ ಗಂಜಿಯನ್ನು ಮಾಡಿಸಿ ಇಬ್ಬರು ವಿದ್ವಾಂಸರಿಗೆ ಉಣ್ಣಿಸಿದರು. ಒಬ್ಬರು ಸರ್ ಮಾರ್ಟಿಮರ್ ವೀಲರ್. ಬಾಯಿಗಿಟ್ಟೊಡನೆ ಮುಖ ಕಿವುಚಿ, ಈ ಅಡಿಗೆಯಿಂದ ತಪ್ಪಿಸಿಕೊಳ್ಳಲೆಂದೇ ಆತ ಸತ್ತಿರಬೇಕೆಂಬ ಅರ್ಥದ ವಿನೋದವಾಡಿದರಂತೆ. ಈ ವೀಲರ್ ನಮಗೆ ಅಪರಿಚಿತರಲ್ಲ. 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದವರು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಅಗೆಸಿದವರು. ಅಲ್ಲಿ ಅವರಿಗೆ ದೊರೆತುದು ಮೂಳೆ, ಮಡಕೆ, ಕಬ್ಬಿಣದ ಆಯುಧ. ಮುಖ ದೊರೆಯಲಿಲ್ಲ, ನಮ್ಮ ನೆಲದಲ್ಲಿ ಮುಖ ದೊರೆಯುವುದೂ ಇಲ್ಲ.

ಅದಕ್ಕೆ ಕಾರಣವಿದೆ. ಹೆಣ ಕೊಳೆಯುವುದು ಸೂಕ್ಷ್ಮಜೀವಿಗಳಿಂದ. ಅವುಗಳಿಗೆ ಬೆಚ್ಚನೆಯ ತಾಣವೂ ಪ್ರಾಣವಾಯುವೂ ಬೇಕು. ಹುದುಲಿನ ನೀರು ತಣ್ಣಗೆ, ಹುಳಿಯಾಗಿ, ಗಾಳಿಯಾಡದೆ ನಿಂತಿರುತ್ತದೆ. ಸ್ಫ್ಯಾಗ್ನಮ್ ಎಂಬ ಪಾಚಿಯಿಂದ ಒಸರುವ ಒಂದು ದ್ರವ್ಯ ಚರ್ಮವನ್ನು ಹದಮಾಡುತ್ತದೆ. ನಮ್ಮಲ್ಲಿ ತಂಗಡಿಯ ತೊಗಟೆಯ ನೀರಿನಲ್ಲಿ ತೊಗಲನ್ನು ನೆನೆಹಾಕಿದರೆ ಆಗುವುದೇ ಅಲ್ಲಿ ತಾನಾಗಿ ಆಗುತ್ತದೆ. ಹುಳಿನೀರು ಮೂಳೆಯ ಸುಣ್ಣವನ್ನು ತಿಂದುಹಾಕುತ್ತದೆ. ಚರ್ಮ, ಉಗುರು, ಕೂದಲು ಮಾತ್ರ ನಿಲ್ಲುತ್ತವೆ. ಕೂದಲು ಕೆಂಚಗಾಗುತ್ತದೆ. ಬೀದರ ಸೀಮೆಯ ಜಂಬಿಟ್ಟಿಗೆಯ ನೆಲವಾಗಲಿ ಎರೆಯ ಹೊಲವಾಗಲಿ ಇಂಥ ಉಪಕಾರ ಮಾಡವು. ಬಿಸಿಲು, ಗಾಳಿ, ಗೆದ್ದಲು ಕೂಡಿ ಬೇಗನೆ ಲೆಕ್ಕ ಚುಕ್ತಾ ಮಾಡುತ್ತವೆ. ತ್ರಿಪುರಾಂತಕ ಕೆರೆಯಿಂದ ಹಳೆಯ ಹೆಣ ಎಬ್ಬಿಸಹೊರಟ ನಮ್ಮ ಹುಡುಗರಿಗೆ ವಿಜ್ಞಾನದ ಬೆಂಬಲವಿಲ್ಲ. ಆದರೆ ಲೂಯಿಸಿಯಾನಾದವರಿಗೆ ತಾನೆ ಎಲ್ಲಿತ್ತು?

ಹುದುಲಿನಿಂದ ಬಂದವರಲ್ಲಿ ಹಿಂಸೆಯಿಂದ ಸತ್ತವರು ಅನೇಕರು. ಇಂಗ್ಲೆಂಡಿನ ಚೆಷೈರಿನ ಲಿಂಡೋ ಹುದುಲಿನಲ್ಲಿ 1984ರ ಆಗಸ್ಟಿನಲ್ಲಿ ದೊರೆತ ಒಬ್ಬ ತರುಣನ ತಲೆಗೆ ಪೆಟ್ಟು ಬಿದ್ದಿತ್ತು, ಕೊರಳಿಗೆ ನರದ ದಾರ ಬಿಗಿದಿತ್ತು, ಗಂಟಲು ಸೀಳಿತ್ತು. 2003ರಲ್ಲಿ ಐರ್ಲೆಂಡಿನಲ್ಲಿ ಎರಡು ಶವಗಳು ಸಿಕ್ಕವು. ಕ್ಲೋನಿಕ್ಯಾವನ್ ಎಂಬಲ್ಲಿ ಸಿಕ್ಕವನು ತಲೆಗೂದಲನ್ನು ಎತ್ತಿಕಟ್ಟಲು ದೂರದ ಸೀಮೆಯಿಂದ ತಂದ ಪೈನ್ ಮರದ ರಾಳವನ್ನು ಹಚ್ಚಿಕೊಂಡಿದ್ದ. ಕುಳ್ಳನಾದ್ದರಿಂದ ಎತ್ತರ ಕಾಣಲೆಂದು ಹಾಗೆ ಮಾಡಿದ್ದನೆಂದು ಕೆಲವರ ಊಹೆ. ಓಲ್ಡ್ ಕ್ರೋಗನ್ ಎಂಬಲ್ಲಿ ಸಿಕ್ಕವನು ಆರಡಿ ಮೀರಿದ ಆಳು. ತೋಳುಗಳಿಗೆ ತೂತು ಕೊರೆದು ಹಸಿಬಳ್ಳಿ ಪೋಣಿಸಿದ್ದರು. ದೇವತೆಗೆ ಬಲಿಯೋ, ಅಪರಾಧಕ್ಕೆ ದಂಡನೆಯೋ, ಬೆಳೆ ಕೆಟ್ಟ ವರ್ಷ ಸೋತ ಅರಸನಿಗೆ ತೆರಿಸಿದ ಬೆಲೆಯೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಕೊಲೆಯೆಂಬುದರಲ್ಲಿ ವಾದವಿಲ್ಲ.

ಇದೇ ಲಿಂಡೋ ಹುದುಲಿನಲ್ಲಿ ಅದಕ್ಕೆ ಒಂದು ವರ್ಷ ಮೊದಲು, 1983ರ ಮೇ ತಿಂಗಳಲ್ಲಿ, ಹೆಂಗಸೊಬ್ಬಳ ತಲೆಬುರುಡೆ ಸಿಕ್ಕಿತು. ಹುದುಲಿನ ಬದಿಯ ಮನೆಯಲ್ಲಿ ಹಿಂದೆ ವಾಸವಾಗಿದ್ದವನೊಬ್ಬನ ಹೆಂಡತಿ ಇಪ್ಪತ್ತು ವರ್ಷಗಳಿಗೂ ಹಿಂದೆ ಕಾಣೆಯಾಗಿದ್ದಳು. ಬುರುಡೆಯ ಸುದ್ದಿ ಕೇಳಿದೊಡನೆ ಆತ ಕುಸಿದು, ಅವಳನ್ನು ಕೊಂದು ಅಲ್ಲಿ ಹೂತವನು ತಾನೇ ಎಂದು ಒಪ್ಪಿಕೊಂಡ. ಬುರುಡೆಯನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡಿದರೆ ಅದು ಸುಮಾರು 1,700 ವರ್ಷ ಹಳೆಯದು, ಬೇರೆ ಯಾವಳದೋ! ಆದರೇನು, ಆಡಿದ ಮಾತು ಆಡಿಯಾಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಹೆಂಡತಿಯ ದೇಹ ಸಿಕ್ಕಲೇ ಇಲ್ಲ. ಹುದುಲಿನಿಂದ ಹೆಣವೆದ್ದು ಕೊಲೆಗಾರನ ಕೊರಳು ಹಿಡಿಯುವುದೆಂದರೆ ಇದಲ್ಲದೆ ಮತ್ತೇನು? ಯಾವ ಚಿತ್ರಕಥೆಗಾರನಿಗೂ ಇಂಥದು ಹೊಳೆಯಲಿಲ್ಲ.

ಹೊಳೆಯದಿರುವುದಕ್ಕೆ ಕಾರಣವೂ ಇದೆ. ಈ ಚಿತ್ರಗಳಲ್ಲಿ ಹೆಣವೇ ಕೊಲೆಗಾರ. ಖಾರಿಸ್ ಯಾರು? ಸತ್ತ ಅನಂಕಾಳನ್ನು ಬದುಕಿಸಿಕೊಳ್ಳಲು ದೇವರ ಎಲೆಗಳನ್ನು ಕದ್ದ ಪ್ರೇಮಿ. ಅದಕ್ಕಾಗಿ ಅವನ ನಾಲಗೆ ಕತ್ತರಿಸಿ ಜೀವಂತ ಹೂತರು. ಇಷ್ಟನ್ನು ಚಿತ್ರ ಎರಡು ನಿಮಿಷಗಳ ಪೂರ್ವಕಥೆಯಲ್ಲಿ, ಅದೂ ಹಳೆಯ ಚಿತ್ರದಿಂದ ಕದ್ದ ತುಣುಕಿನಲ್ಲಿ, ಹೇಳಿ ಮುಗಿಸುತ್ತದೆ. ಉಳಿದೆಲ್ಲ ಹೊತ್ತು ನಾವು ಅವನಿಗೆ ಅಂಜಬೇಕು. ನಾಲಗೆಯಿಲ್ಲದುದರಿಂದ ಅವನು ತನ್ನ ಕಡೆಯ ಮಾತು ಹೇಳಲಾರ. ಅನಂಕಾಳಂತೂ ಯಾರನ್ನೂ ಕೊಲ್ಲುವುದಿಲ್ಲ. ತಾನು ಯಾರೆಂದು ಅವಳಿಗೇ ನೆನಪಿಲ್ಲ. ಬೆದರಿದ ಜಿಂಕೆಯಂತೆ ಓಡುತ್ತಿರುತ್ತಾಳೆ. ಕೊನೆಗೆ ಪೆಟ್ಟಿಗೆಯಲ್ಲಿ ಮತ್ತೆ ಮುದುರಿದ ಹೆಣವಾಗಿ ಬಿದ್ದಿರುವುದೇ ಅವಳ ಗತಿ. ಟೋಲುಂಡಿನ ಆ ಶಾಂತ ಮುಖಕ್ಕೆ ಕೋರೆಹಲ್ಲು ಅಂಟಿಸಿ ಊರ ಮೇಲೆ ಬಿಟ್ಟರೆ ಅದು ಅವನ ಎರಡನೆಯ ಕೊಲೆ. ನಾನು ಈ ಚಿತ್ರಗಳನ್ನು ದೂರುವುದು ಅಗ್ಗದವೆಂದಲ್ಲ, ಈ ಅನ್ಯಾಯಕ್ಕೆ.

ನಮ್ಮವರು ಇದರಲ್ಲಿ ಮೇಲು. ಸ್ವದೇಶಾಭಿಮಾನದಿಂದ ಹೇಳುವ ಮಾತಲ್ಲ, ಕಥೆಗಳನ್ನು ನೋಡಿ ಹೇಳುವುದು. ವಿಕ್ರಮನ ಹೆಗಲೇರಿದ ಬೇತಾಳ ಏನು ಮಾಡುತ್ತಾನೆ? ಕಥೆ ಹೇಳಿ, ಇವರಲ್ಲಿ ನ್ಯಾಯ ಯಾರ ಪಾಲಿಗಿದೆಯೆಂದು ಕೇಳುತ್ತಾನೆ. ಕಲ್ಯಾಣವನ್ನಾಳಿದ ಚಾಲುಕ್ಯರ ವಂಶದ ಅರಸನನ್ನು ಹಾಡಿದ ರನ್ನನ ‘ಗದಾಯುದ್ಧ’ದಲ್ಲಿ ರಣರಂಗದ ಮರುಳು ದುರ್ಯೋಧನನನ್ನು ತಿನ್ನಹೋಗುವುದಿಲ್ಲ, ಹಂಗಿಸುತ್ತದೆ. ನಮ್ಮ ದೆವ್ವಗಳಿಗೆ ನಾಲಗೆಯುಂಟು.

ಸಿನಿಮಾದಲ್ಲಿಯೂ ಅಷ್ಟೆ. ಹಿಂದಿಯಲ್ಲಿ ರಾಮ್‌ಸೆ ಸೋದರರು ಅಗ್ಗದ ಭಯಾನಕ ಚಿತ್ರಗಳ ಮನೆತನವನ್ನೇ ಕಟ್ಟಿದರು. ದೇಶವಿಭಜನೆಗೆ ಮುಂಚೆ ಇವರ ತಂದೆ ಕರಾಚಿಯಲ್ಲಿ ರೇಡಿಯೋ ವ್ಯಾಪಾರಿ. 1970ರಲ್ಲಿ ಅವರು ತೆಗೆದ ‘ಏಕ್ ನನ್ಹೀ ಮುನ್ನೀ ಲಡಕೀ ಥೀ’ ನೆಲಕಚ್ಚಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರವಾದ ಮುಖವಾಡ ತೊಟ್ಟು ಮ್ಯೂಸಿಯಮ್ಮಿನಲ್ಲಿ ಕಳವು ಮಾಡುವ ದೃಶ್ಯಕ್ಕೆ ಜನ ಕಿರುಚಿದ್ದನ್ನು ಗಂಡುಮಕ್ಕಳು ಗಮನಿಸಿದರು. ಏಳು ಮಂದಿ ಅಣ್ಣತಮ್ಮಂದಿರು ಚಿತ್ರಕಥೆ, ಛಾಯಾಗ್ರಹಣ, ಧ್ವನಿ, ಸಂಕಲನ, ನಿರ್ದೇಶನಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡರು. ಹೊರಗಿನವರಿಗೆ ಸಂಬಳ ಕೊಡುವ ಪ್ರಸಂಗವೇ ಕಡಿಮೆ! ಮನೆಮಂದಿಯೆಲ್ಲ ಮಹಾಬಳೇಶ್ವರಕ್ಕೆ ಹೋಗಿ ತೆಗೆದುತಂದ ‘ದೋ ಗಜ್ ಜಮೀನ್ ಕೆ ನೀಚೆ’ 1972ರಲ್ಲಿ ಬಂದಿತು. ‘ಎರಡು ಗಜ ನೆಲದ ಕೆಳಗೆ’ ಎಂದರ್ಥ. ಹೆಂಡತಿಯ ಸಂಚಿಗೆ ಬಲಿಯಾಗಿ ಮಣ್ಣಾದ ಗಂಡ ಎದ್ದು ಬರುತ್ತಾನೆ, ಬರಬೇಕಾದವರ ಬಳಿಗೇ ಬರುತ್ತಾನೆ. ದಾರಿಹೋಕರ ತಂಟೆ ಅವನಿಗೆ ಬೇಡ. ಹೈದರಾಬಾದ್ ಸಂಸ್ಥಾನದ ನಂಟಿನಿಂದ ಉರ್ದು-ಹಿಂದಿ ತಿಳಿದ ನಮ್ಮ ಭಾಗದ ಪೇಟೆಗಳಲ್ಲಿ ಇಂಥ ಚಿತ್ರಗಳಿಗೆ ಭಾಷೆಯ ತೊಡಕಿರಲಿಲ್ಲ. 1984ರ ‘ಪುರಾನಾ ಮಂದಿರ್’ನಲ್ಲಿ ತಲೆ ಒಂದೆಡೆ ಮುಂಡ ಒಂದೆಡೆ ಹೂತಿಟ್ಟ ಸಾಮ್ರಿಯ ಹೆಸರು ಹೇಳಿದರೆ ಇಂದಿಗೂ ನಗುವ ಹಿರಿಯರಿದ್ದಾರೆ, ಅಂದು ಅವರು ನಗಲಿಲ್ಲವೆಂಬುದು ಬೇರೆ ಮಾತು. ಸಾಮ್ರಿ ಮಾತ್ರ ಸಾಯುವುದಕ್ಕೆ ಮೊದಲೂ ರಾಕ್ಷಸನೇ. ಅವನ ಪರವಾಗಿ ನನ್ನಲ್ಲಿ ವಾದವಿಲ್ಲ.

ಕನ್ನಡದಲ್ಲಿ ಹೆಣ ಏಳುವುದಕ್ಕಿಂತ ದೆವ್ವ ಮೈಮೇಲೆ ಬರುವುದೇ ಹೆಚ್ಚು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬಂದ ಕಾಮಿನಿಯನ್ನು ಕಂಡು ಚಿತ್ರಮಂದಿರಗಳಲ್ಲಿ ಜನ ನಡುಗಿದರು. 2004ರ ‘ಆಪ್ತಮಿತ್ರ’ದಲ್ಲಿ ಸೌಂದರ್ಯ ತನ್ನನ್ನು ತಾನೇ ನಾಗವಲ್ಲಿಯೆಂದು ಭ್ರಮಿಸುವ ಹೆಣ್ಣಾದರು, ಆ ನಾಗವಲ್ಲಿ ಒಬ್ಬ ಅರಸನ ಕೈಯಲ್ಲಿ ಹತಳಾದ ನರ್ತಕಿ. ಚಿತ್ರ ತೆರೆಗೆ ಬರುವ ಮೊದಲೇ ಸೌಂದರ್ಯ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರಿಂದ ಪ್ರೇಕ್ಷಕರ ಅಂಜಿಕೆಯಲ್ಲಿ ಅಳುವೂ ಬೆರೆತಿತ್ತು. ತಾರೆಯರಿಲ್ಲದೆ, ಕಾಡಿಗೆ ಹೋದ ತರುಣರು ತಾವೇ ತೆಗೆದ ತುಣುಕುಗಳೆಂಬ ನೆವದಲ್ಲಿ, 2013ರಲ್ಲಿ ಬಂದ ‘6-5=2’ ಅಗ್ಗದ ಚಿತ್ರಕ್ಕೆ ಇನ್ನೂ ಜೀವವಿದೆಯೆಂದು ತೋರಿಸಿತು. ನಮ್ಮ ಹುಡುಗರಿಗೆ ಧೈರ್ಯ ಕೊಟ್ಟುದೂ ಅದೇ.

ಈಗ ನಿಜವಾದ ಮಮ್ಮಿಯ ವಿಷಯ. ಅದನ್ನು ನೋಡಲು ಕೈರೋಗೆ ಹೋಗಬೇಕಾಗಿಲ್ಲ. ಹುಮನಾಬಾದಿನಲ್ಲಿ ಬಸ್ಸು ಹತ್ತಿದರೆ ಮೂರು-ನಾಲ್ಕು ತಾಸಿನಲ್ಲಿ ಹೈದರಾಬಾದು. ಪಬ್ಲಿಕ್ ಗಾರ್ಡನ್ಸ್‌ನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಸುಮಾರು 2,300 ವರ್ಷ ಹಿಂದಿನ ಈಜಿಪ್ಟಿನ ತರುಣಿಯೊಬ್ಬಳು ಮಲಗಿದ್ದಾಳೆ. ನೈಶು ಎಂದು ಅವಳ ಹೆಸರು ಹೇಳುತ್ತಾರೆ. ಆರನೆಯ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ 1920ರ ಸುಮಾರಿಗೆ 1,000 ಪೌಂಡು ಕೊಟ್ಟು ಕೊಂಡುತಂದುದು. ಏಳನೆಯ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಮೂಲಕ 1930ರಲ್ಲಿ ಮ್ಯೂಸಿಯಮ್ ಸೇರಿತು. ಆಗ ಕಲ್ಯಾಣ, ಹುಮನಾಬಾದುಗಳೂ ಅದೇ ಸಂಸ್ಥಾನದಲ್ಲಿದ್ದುದರಿಂದ, ಒಂದು ಲೆಕ್ಕಕ್ಕೆ ನೈಶು ನಮ್ಮ ರಾಜಧಾನಿಗೇ ಬಂದ ಅತಿಥಿ. ನಮ್ಮ ಸೆಖೆಗೂ ತೇವಕ್ಕೂ ಪಟ್ಟಿಗಳು ಶಿಥಿಲವಾಗಿ ಬಿರುಕು ಬಿಟ್ಟಿದ್ದವು. 2016ರ ಸುಮಾರಿಗೆ ಅವಳನ್ನು ಸಿ.ಟಿ. ಪರೀಕ್ಷೆಗೆ ಒಳಪಡಿಸಿ, ಪ್ರಾಣವಾಯುವನ್ನು ತೆಗೆದು ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿರಿಸಿದರು. ಡೆನ್ಮಾರ್ಕಿನ ಹುದುಲು ಪುಕ್ಕಟೆಯಾಗಿ ಮಾಡಿದ್ದನ್ನು ಇಲ್ಲಿ ಯಂತ್ರ ಮಾಡಬೇಕಾಯಿತು. ಮೊಳಕಾಲಿನಷ್ಟೆತ್ತರದ ಮಕ್ಕಳು ಗಾಜಿಗೆ ಮೂಗು ಒತ್ತಿ “ಏಳ್ತಾಳಾ?” ಎಂದು ಕೇಳುತ್ತವೆ. ಏಳುವಳೆಂಬ ಭಯಕ್ಕಿಂತ ಏಳಲೆಂಬ ಆಸೆಯೇ ಆ ದನಿಯಲ್ಲಿ ಹೆಚ್ಚು.

ಈ ಕಡೆಯ ಮಕ್ಕಳು ಹಾಗೆ ಕೇಳುವುದು ಸಹಜ. ಇಲ್ಲಿ ಸತ್ತವರು ಅಷ್ಟು ದೂರದವರಲ್ಲ. ಲಿಂಗಾಯತರಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆಗಳೊಡನೆ ಮಣ್ಣುಮಾಡುತ್ತಾರೆ. ಕುಳಿತವರು ಎಂದಾದರೂ ಮಾತಾಡಿಯಾರೆಂಬ ಭಾವ ಅದರಲ್ಲಿಯೇ ಇದೆ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ 1865ರಲ್ಲಿ ಮಾಣಿಕ ಪ್ರಭುಗಳು ಸಂಜೀವನ ಸಮಾಧಿ ಹೊಂದಿದರು. ಅವರು ಅಲ್ಲಿ ಇದ್ದಾರೆಂದೇ ಭಕ್ತರು ಮಾತಾಡಿಸುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ. ಗದ್ದುಗೆಯ ಮುಂದೆ ಕುಳಿತ ಮುದುಕಿ “ಮುತ್ಯಾ, ಮೊಮ್ಮಗಳ ಲಗ್ನ ಒಂದು ನೆಟ್ಟಗಾಗಲಿ” ಎಂದು ಹೇಳಿಕೊಳ್ಳುವುದನ್ನು ಈ ಸೀಮೆಯಲ್ಲಿ ಯಾರು ಕೇಳಿಲ್ಲ? ಆ ಮುದುಕಿಗೆ ಹಾಲಿವುಡ್ಡಿನ ಮಮ್ಮಿಯನ್ನು ತೋರಿಸಿದರೆ, ಪಾಪ ಯಾರ ಮನೆಯ ಹಿರಿಯನೋ, ನೀರು ಕೊಡಿರೆಂದಾಳು.

ಕಲ್ಯಾಣಕ್ಕೆ ತನ್ನದೇ ಕೊಲೆಯ ಕಥೆಯೂ ಉಂಟು, ವಾಚಕರು ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ತೊಗಲು ಹದಮಾಡುವ ಕಾಯಕದ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳು ಲಾವಣ್ಯಳಿಗೂ ಮದುವೆಯಾಯಿತು. ಅದಕ್ಕಾಗಿ ಬಿಜ್ಜಳನ ಆಜ್ಞೆಯಂತೆ ಆ ಇಬ್ಬರು ತಂದೆಯರ ಕಣ್ಣು ಕೀಳಿಸಿ ಎಳೆಹೂಟೆ ಮಾಡಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಶಿಕ್ಷೆಯದು. ಸಿನಿಮಾದ ನ್ಯಾಯದಲ್ಲಿ ಇವರು ಎದ್ದು ಬಂದು ಊರನ್ನೇ ನುಂಗಬೇಕಿತ್ತು. ಎಂಟುನೂರು ವರ್ಷಗಳಿಂದ ಈ ಊರಿನವರು ಹರಳಯ್ಯನ ದೆವ್ವ ಕಂಡೆವೆನ್ನಲಿಲ್ಲ. ಅವನ ಹೆಸರು ಹಿಡಿದರು, ಅವನ ಹೆಂಡತಿ ಕಲ್ಯಾಣಮ್ಮನ ಹೆಸರು ಹಿಡಿದರು, ತೊಡೆಯ ಚರ್ಮದಿಂದ ಅವರು ಬಸವಣ್ಣನಿಗೆ ಮಾಡಿದ ಪಾದರಕ್ಷೆಗಳ ಕಥೆಯನ್ನು ಮಕ್ಕಳಿಗೆ ಹೇಳಿದರು. ಕೊಂದವರ ಹೆಸರನ್ನೂ ಮರೆಯಲಿಲ್ಲ.

ನಮ್ಮ ಹುಡುಗರ ಚಿತ್ರ ಈಗ ಇಲ್ಲಿಗೆ ಬಂದು ನಿಂತಿದೆ. ಪ್ರಶ್ನೆ ಕೇಳಿದ ಹುಡುಗಿ ಬರವಣಿಗೆಯನ್ನು ತಾನು ವಹಿಸಿಕೊಂಡಿದ್ದಾಳೆ. ಹೆಣಕ್ಕೆ ಒಂದು ಹೆಸರು ಬೇಕು, ಮನೆ ಬೇಕು, ಅದನ್ನು ಯಾರು ಏಕೆ ಕೊಂದರೆಂಬುದು ಬೇಕು ಎಂದು ಪಟ್ಟುಹಿಡಿದಿದ್ದಾಳೆ. ಹಾಗಾದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಅದು ಬದುಕಿದ್ದಾಗಿನ ಕಥೆಗೇ ಹೋಗಿ, ಕೆಸರಿನಿಂದೇಳುವ ದೃಶ್ಯ ಒಂದೂವರೆ ನಿಮಿಷಕ್ಕಿಳಿಯುತ್ತದೆಂದು ನಿರ್ದೇಶಕ ಹುಡುಗನಿಗೆ ಮುನಿಸು. ಜಂಬಿಟ್ಟಿಗೆ ಕುಟ್ಟಿ ಜರಡಿ ಹಿಡಿದು ಎರಡು ಡಬ್ಬಿ ಬಣ್ಣ ಮಾಡಿಟ್ಟುಕೊಂಡಿದ್ದಾನೆ, ಪಾಪ. ದಸರೆಯ ರಜೆಯಲ್ಲಿ ಚಿತ್ರೀಕರಣವಂತೆ.